ಟೈರ್ ಶೋರೂಂನಲ್ಲೇ ಹಾಕಿಸಬೇಕೆ? ಮಡಿಕೇರಿಯ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಮ್ಮದು 2019ರ ಸ್ವಿಫ್ಟ್ ಝಡ್‌ಎಕ್ಸ್‌ಐ, 46,000 ಕಿ.ಮೀ. ಓಡಿದೆ. ಕಾರಿನ ಜೊತೆ ಬಂದ ಟೈರ್‌ಗಳೇ ಇನ್ನೂ ಇವೆ. ಮನೆ ಮಡಿಕೇರಿಯಲ್ಲಿ. ವಾರಕ್ಕೊಮ್ಮೆ ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೆ, ತಿಂಗಳಿಗೆ ಎರಡು ಸಲ ವಿರಾಜಪೇಟೆ ಕಡೆಯ ತೋಟಕ್ಕೆ ಹೋಗಿಬರುತ್ತೇವೆ. ಸರ್ವಿಸ್‌ಗೆ ಬಿಟ್ಟಾಗ ಶೋರೂಂನವರು ನಾಲ್ಕೂ ಟೈರ್ ಬದಲಿಸಿ, ಎಲ್ಲ ಸೇರಿ 28,000 ರೂಪಾಯಿ ಎಂದರು. ಅದೇ ಟೈರಿಗೆ ಕುಶಾಲನಗರದ ಟೈರ್ ಡೀಲರ್ ಒಂದಕ್ಕೆ 5,800, ಮೈಸೂರಿನಲ್ಲಿ 5,500 ಹೇಳುತ್ತಾರೆ. ಹೊರಗೆ ಹಾಕಿಸಿದರೆ ವಾರಂಟಿ ಹೋಗುತ್ತದೆ ಎಂದು ಶೋರೂಂನವರು ಹೇಳುತ್ತಾರೆ. ಎರಡೇ ಟೈರ್ ತಗೊಂಡು ಮುಂದಕ್ಕೆ ಹಾಕಿಸಿ, ಸಾಕು ಎಂದು ಪರಿಚಯದ ಮೆಕ್ಯಾನಿಕ್ ಹೇಳುತ್ತಾರೆ. ಅಳೆದಾಗ ಮುಂದಿನ ಟೈರ್‌ಗಳಲ್ಲಿ ಎರಡೂವರೆ ಮಿಲಿಮೀಟರ್, ಹಿಂದಿನವುಗಳಲ್ಲಿ ನಾಲ್ಕು ಮಿಲಿಮೀಟರ್ ಬಟನ್ (ನೆಲಕ್ಕೆ ತಾಗುವ ರಬ್ಬರ್ ಉಬ್ಬು) ಇದೆ. ಏನು ಮಾಡಲಿ?

ಉತ್ತರ: ಮೊದಲು ವಾರಂಟಿಯ ಭಯ ಬಿಡಿ. ಹೊಸ ಕಾರಿನ ಜೊತೆ ಬರುವ ಟೈರಿಗೂ ಕಾರು ಕಂಪನಿ ವಾರಂಟಿ ಕೊಡುವುದಿಲ್ಲ, ಅದನ್ನು ಕೊಡುವುದು ಟೈರ್ ಕಂಪನಿ. ಕಾರಿನ ವಾರಂಟಿ ಪುಸ್ತಕದಲ್ಲೇ ಟೈರ್ ಮತ್ತು ಬ್ಯಾಟರಿ ಆಯಾ ತಯಾರಕರ ಹೊಣೆ ಎಂದು ಬರೆದಿರುತ್ತದೆ, ತೆರೆದು ನೋಡಿ. ಕಂಪನಿ ಹೇಳಿದ ಅಳತೆಯ ಟೈರನ್ನೇ ಹಾಕಿಸಿದರೆ, ಎಲ್ಲಿ ಕೊಂಡಿರಿ ಎಂಬ ಕಾರಣಕ್ಕೆ ಕಾರಿನ ವಾರಂಟಿಗೆ ಏನೂ ಆಗುವುದಿಲ್ಲ. ಶೋರೂಂನವರು ಹಾಕಿಕೊಡುವ ಟೈರ್ ಕೂಡ ಬಹುಪಾಲು ಯಾವುದೋ ಟೈರ್ ಡೀಲರ್ ಕಡೆಯಿಂದಲೇ ಬಂದಿರುತ್ತದೆ. ನಾಳೆ ಟೈರಿನಲ್ಲಿ ದೋಷ ಕಂಡರೆ ಅದನ್ನು ನೋಡಿ ತೀರ್ಮಾನ ಹೇಳುವವರು ಟೈರ್ ಕಂಪನಿಯ ಇನ್‌ಸ್ಪೆಕ್ಟರ್. ಅವರನ್ನು ಕರೆಸುವುದು ಆ ಕಂಪನಿಯ ಅಧಿಕೃತ ಡೀಲರ್‌ಗೆ ಸಲೀಸು, ಶೋರೂಂನವರಿಗೆ ಸುತ್ತು ದಾರಿ.

ಹಾಗೆಂದು ಶೋರೂಂ ಬೇಡವೇ ಬೇಡ ಎನ್ನುತ್ತಿಲ್ಲ. ಅಲೈನ್‌ಮೆಂಟ್ ಯಂತ್ರ ಚೆನ್ನಾಗಿದ್ದು, ನಟ್‌ಗಳನ್ನು ಟಾರ್ಕ್ ಸ್ಪ್ಯಾನರ್‌ನಲ್ಲಿ (ಬಿಗಿ ಎಷ್ಟೆಂದು ಅಳೆಯುವ ಸ್ಪ್ಯಾನರ್) ಬಿಗಿಯುವ ಅಭ್ಯಾಸವಿದ್ದರೆ ಅಲ್ಲಿನ ಕೆಲಸ ಶುದ್ಧವಾಗಿಯೇ ಇರುತ್ತದೆ. ಅಡಚಣೆ ಇರುವುದು ಎರಡು ಕಡೆ. ಬೆಲೆ ಎಂಆರ್‌ಪಿಯ ಹತ್ತಿರ ನಿಲ್ಲುತ್ತದೆ, ಮತ್ತು ಟೈರ್ ಅವತ್ತೇ ಬಂದು ಅವತ್ತೇ ಏರುವುದರಿಂದ ತಯಾರಾದ ದಿನಾಂಕ ನೋಡಿ ಬೇಡ ಎನ್ನುವ ಅವಕಾಶ ನಿಮಗೆ ಸಿಗುವುದು ಕಡಿಮೆ.

ನಿಮ್ಮ ಲೆಕ್ಕವನ್ನೇ ನೋಡೋಣ. ಕುಶಾಲನಗರದಲ್ಲಿ ನಾಲ್ಕು ಟೈರಿಗೆ 23,200 ರೂಪಾಯಿ. ವಾಲ್ವ್, ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್‌ಗೆ ಒಂದೂವರೆ ಸಾವಿರ ಸೇರಿಸಿದರೂ 25,000 ಮುಟ್ಟುವುದಿಲ್ಲ. ಮೈಸೂರಿನಲ್ಲಿ ಇನ್ನೂ 1,200 ಉಳಿಯುತ್ತದೆ, ಸರಿ. ಆದರೆ ಮಡಿಕೇರಿಯಿಂದ ಮೈಸೂರಿಗೆ ಹೋಗಿಬರಲು ಸುಮಾರು 240 ಕಿ.ಮೀ., ಲೀಟರಿಗೆ 18 ಕಿ.ಮೀ. ಎಂದುಕೊಂಡರೂ 13 ಲೀಟರ್ ಪೆಟ್ರೋಲ್. ಉಳಿಸಿದ ದುಡ್ಡು ಟ್ಯಾಂಕಿಗೆ ಹೋಯಿತು. ಸ್ಟೀರಿಂಗ್ ಎಳೆಯುತ್ತಿದೆ, ನಡುಗುತ್ತಿದೆ ಎಂದು ವಾರದಲ್ಲಿ ಮತ್ತೆ ಹೋಗಬೇಕಾದರೆ ಇನ್ನೊಂದು ದಿನವೂ ಹೋಯಿತು. ಬೇರೆ ಕೆಲಸಕ್ಕೆ ಮೈಸೂರಿಗೆ ಹೇಗೂ ಹೋಗುವವರಿದ್ದರೆ ಮಾತು ಬೇರೆ. ಇಲ್ಲವಾದರೆ 30 ಕಿ.ಮೀ. ದೂರದ ಕುಶಾಲನಗರದ ಅಧಿಕೃತ ಡೀಲರೇ ನಿಮಗೆ ಸರಿ.

ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ನಿಮಗೆ ಹೇಳಿದ ಬೆಲೆ ತೆರಿಗೆ ಸೇರಿಯೋ ಅಲ್ಲವೋ ಎಂದು ಮೊದಲೇ ಕೇಳಿ, ಬಿಲ್‌ನಲ್ಲಿ 18 ಎಂದೇ ಇದೆಯೇ ನೋಡಿ. ಬಿಲ್ ಬೇಡವೆಂದರೆ ಇಷ್ಟು ಕಡಿಮೆ ಮಾಡುತ್ತೇನೆ ಎನ್ನುವವರ ಹತ್ತಿರ ಟೈರ್ ತಗೊಳ್ಳಲೇಬೇಡಿ. ಬಿಲ್ ಇಲ್ಲದ ಟೈರಿಗೆ ವಾರಂಟಿ ಇಲ್ಲ.

ಎರಡೋ ನಾಲ್ಕೋ? ನಿಮ್ಮ ಕಾರಿಗೆ ನಾಲ್ಕೂ ಬೇಕು. ಅದರಲ್ಲಿ ಶೋರೂಂನವರ ಮಾತು ಸರಿ. ಕಾಲು ಇಂಚಿಗೂ ಹೆಚ್ಚು, ಅಂದರೆ ಏಳೆಂಟು ಮಿಲಿಮೀಟರ್ ಬಟನ್ ಇಟ್ಟುಕೊಂಡು ಹೊಸ ಟೈರ್ ಬರುತ್ತದೆ. ಬಟನ್‌ಗಳ ನಡುವಿನ ತೋಡಿನ ತಳದಲ್ಲಿ ಅಡ್ಡಕ್ಕೆ ಇರುವ ಚಿಕ್ಕ ಉಬ್ಬುಗಳು 1.6 ಮಿ.ಮೀ. ಎತ್ತರದವು. ಬಟನ್ ಅವುಗಳ ಮಟ್ಟಕ್ಕೆ ಬಂದರೆ ಟೈರಿನ ಆಯಸ್ಸು ಕಾನೂನಿನ ಪ್ರಕಾರವೇ ಮುಗಿಯಿತು. ಆದರೆ ಆ 1.6 ಒಣ ರಸ್ತೆಗೆ ಸಾಲಬಹುದು, ನಮ್ಮ ಜೂನ್‌ಗೆ ಸಾಲದು. ತೋಡು ಇರುವುದೇ ನೀರನ್ನು ಪಕ್ಕಕ್ಕೆ ತಳ್ಳಲು. 3 ಮಿ.ಮೀ.ಗಿಂತ ಕೆಳಗೆ ಹೋದ ಮೇಲೆ ಆ ಶಕ್ತಿ ಬೇಗಬೇಗ ಕುಗ್ಗುತ್ತದೆ. ನಿಮ್ಮ ಮುಂದಿನ ಎರಡು ಟೈರ್‌ಗಳು ಆ ಗೆರೆ ದಾಟಿವೆ. ಹಿಂದಿನವುಗಳಲ್ಲಿ ಬಟನ್ ಇದೆ, ಆದರೆ ರಬ್ಬರ್ 2019ರದ್ದು. ವಯಸ್ಸಾದ ರಬ್ಬರ್ ಗಡುಸಾಗುತ್ತದೆ, ಒದ್ದೆ ಡಾಂಬರಿನ ಮೇಲೆ ಹಿಡಿತ ಬಿಡುತ್ತದೆ. ಉಗುರಿನಿಂದ ಬಟನ್ ಒತ್ತಿ ನೋಡಿ. ಹೊಸ ಟೈರಿನಲ್ಲಿ ಉಗುರು ಸ್ವಲ್ಪ ಇಳಿಯುತ್ತದೆ, ಗಡುಸಾದದ್ದರಲ್ಲಿ ಜಾರುತ್ತದೆ. ಸೈಡ್‌ವಾಲ್ ಅಂದರೆ ಟೈರಿನ ಪಕ್ಕದ ಮೈ ಬಗ್ಗಿಸಿದಾಗ ಕೂದಲೆಳೆಯಂಥ ಬಿರುಕುಗಳು ಕಂಡರೆ ಅನುಮಾನವೇ ಬೇಡ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಿಚ್ಚಿಸಿ ಪರೀಕ್ಷಿಸಬೇಕು. ಹತ್ತು ವರ್ಷವಾದರೆ ಬಟನ್ ಎಷ್ಟೇ ಇರಲಿ, ತೆಗೆಯಬೇಕು. ಬೆಂಗಳೂರಿನಲ್ಲಿದ್ದು ಊರಿನ ಮನೆಯಲ್ಲಿ ಕಾರು ನಿಲ್ಲಿಸಿಟ್ಟಿರುವವರು, ತೋಟದ ಶೆಡ್ಡಿನಲ್ಲಿ ಎರಡನೇ ಜೀಪು ಇಟ್ಟಿರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಓಡದ ಗಾಡಿಯ ಟೈರ್ ನೋಡಲು ಹೊಸದರಂತೆಯೇ ಇರುತ್ತದೆ, ಒಳಗೆ ಮುದಿಯಾಗಿರುತ್ತದೆ.

ಅಳೆಯಲು ಉಪಕರಣ ಇಲ್ಲದವರು ಬೆಂಕಿಕಡ್ಡಿಯ ಹಿಂಬದಿಯನ್ನು ತೋಡಿನಲ್ಲಿ ಇಳಿಸಿ, ಬಟನ್ ಮಟ್ಟಕ್ಕೆ ಉಗುರಿನ ಗುರುತು ಹಾಕಿ, ಮಕ್ಕಳ ಸ್ಕೇಲಿನಲ್ಲಿ ನೋಡಿದರೂ ಆಯಿತು. ಒಳಅಂಚು, ಮಧ್ಯ, ಹೊರಅಂಚು, ಮೂರು ಕಡೆಯೂ ಅಳೆಯಿರಿ.

ಇನ್ನು ನಿಮ್ಮ ಮೆಕ್ಯಾನಿಕ್ ಮಾತಿಗೆ ಬರುತ್ತೇನೆ. ನಿಮ್ಮ ಹಿಂದಿನ ಟೈರ್‌ಗಳು ಎರಡು ಮೂರು ವರ್ಷದವಾಗಿದ್ದರೆ ಎರಡೇ ಸಾಕು ಎಂಬುದನ್ನು ನಾನೂ ಒಪ್ಪುತ್ತಿದ್ದೆ. ಆದರೆ ಮುಂದಕ್ಕೆ ಹಾಕಿ ಎನ್ನುವುದನ್ನು ಒಪ್ಪುವುದಿಲ್ಲ. ಎರಡೇ ಟೈರ್ ಕೊಂಡರೆ ಹೊಸವು ಹಿಂದಕ್ಕೆ ಹೋಗಬೇಕು, ಹಿಂದಿದ್ದವು ಮುಂದಕ್ಕೆ ಬರಬೇಕು. ಎಂಜಿನ್ ಮುಂದಿದೆ, ಎಳೆಯುವುದು ಮುಂದಿನ ಚಕ್ರ, ಬ್ರೇಕಿನ ಭಾರ ಬೀಳುವುದೂ ಮುಂದಕ್ಕೆ, ಹಾಗಾಗಿ ಒಳ್ಳೆಯ ಟೈರ್ ಮುಂದಿರಬೇಕು ಎಂಬುದು ಎಲ್ಲರಿಗೂ ಸಹಜವಾಗಿ ತೋಚುವ ತರ್ಕ. ಆದರೆ ಮಳೆಯಲ್ಲಿ ಸಂಪಾಜೆ ಇಳಿಯುವಾಗ ಏನಾಗುತ್ತದೆ ನೋಡಿ. ತಿರುವಿನಲ್ಲಿ ಬ್ರೇಕ್ ಒತ್ತಿದ ಕೂಡಲೇ ಕಾರಿನ ಭಾರ ಮುಂದಕ್ಕೆ ಬಾಗಿ ಹಿಂಭಾಗ ಹಗುರಾಗುತ್ತದೆ. ಹಗುರಾದ ಹಿಂಚಕ್ರದಲ್ಲಿ ಸವೆದ ಟೈರ್ ಇದ್ದರೆ ಅದೇ ಮೊದಲು ಜಾರುತ್ತದೆ, ಕಾರಿನ ಬಾಲ ಹೊರಕ್ಕೆ ಬೀಸಿ ಇಡೀ ಕಾರು ಅಡ್ಡ ತಿರುಗುತ್ತದೆ. ಮುಂದಿನ ಟೈರ್ ಜಾರಿದರೆ ಸ್ಟೀರಿಂಗ್ ತೇಲಿದಂತಾಗಿ ಚಾಲಕರಿಗೆ ಗೊತ್ತಾಗುತ್ತದೆ, ವೇಗ ತಗ್ಗಿಸಿದರೆ ಹಿಡಿತ ಮರಳಿ ಬರುತ್ತದೆ. ಹಿಂದಿನದು ಜಾರಿದರೆ ಗೊತ್ತಾಗುವಷ್ಟರಲ್ಲಿ ಸಮಯ ಮೀರಿರುತ್ತದೆ. ಒಂದು ಕಡೆ ಗುಡ್ಡದ ಬರೆ, ಇನ್ನೊಂದು ಕಡೆ ಪ್ರಪಾತ ಇರುವ ರಸ್ತೆಯಲ್ಲಿ ಹಿಂದಿನ ಟೈರೇ ಕಾರನ್ನು ಕಾಯುವುದು. ಅಂಗಡಿಯವರು ವಾದ ಮಾಡಿದರೂ ಇದನ್ನು ಬಿಟ್ಟುಕೊಡಬೇಡಿ.

ಯಾವ ಟೈರ್? ನಿಮ್ಮ ಕಾರಿನ ಅಳತೆ 185/65 ಆರ್15. ಅಗಲ 185 ಮಿ.ಮೀ., ಪಕ್ಕದ ಮೈಯ ಎತ್ತರ ಅದರ ಶೇ. 65, ಡಿಸ್ಕ್ (ಟೈರ್ ಕೂರುವ ಲೋಹದ ಚಕ್ರ) 15 ಇಂಚು. ಪಕ್ಕದಲ್ಲಿ 88ಎಚ್ ಎಂದಿದ್ದರೆ ಒಂದು ಟೈರ್ 560 ಕಿಲೋ ಹೊರಬಲ್ಲದು, ಗಂಟೆಗೆ 210 ಕಿ.ಮೀ. ವೇಗ ತಾಳಬಲ್ಲದು ಎಂದರ್ಥ. ಟಿ ಎಂದಿದ್ದರೆ ವೇಗ 190. ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿ ಅಥವಾ ಕಾರಿನ ಪುಸ್ತಕದಲ್ಲಿ ಇರುವ ಭಾರದ ಅಂಕಿಗಿಂತ ಕಡಿಮೆಯದ್ದು ತರಬೇಡಿ.

195/65 ಹಾಕಿ, ಕಾರು ಎತ್ತರ ನಿಲ್ಲುತ್ತದೆ, ತೋಟದ ದಾರಿಗೆ ಒಳ್ಳೆಯದು ಎಂದು ಹೇಳುವವರು ಸಿಗುತ್ತಾರೆ. ಲೆಕ್ಕ ಹಾಕಿದರೆ 185/65 ಆರ್15ರ ಹೊರ ವ್ಯಾಸ 621 ಮಿ.ಮೀ., 195/65ರದ್ದು 634. ವ್ಯತ್ಯಾಸ 13 ಮಿ.ಮೀ., ಕಾರು ಏರುವುದು ಅದರ ಅರ್ಧ, ಆರೂವರೆ ಮಿಲಿಮೀಟರ್. ಅಷ್ಟಕ್ಕೆ ಸ್ಪೀಡೋಮೀಟರ್ ಶೇ. 2ರಷ್ಟು ಕಡಿಮೆ ತೋರಿಸುತ್ತದೆ, ಏರಿನಲ್ಲಿ ಎಳೆತ ಸ್ವಲ್ಪ ಮಂದವಾಗುತ್ತದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆ ಉಜ್ಜುವ ಸಾಧ್ಯತೆ ಇದೆ. ಬೇಡ. ಅಂದ ಹಾಗೆ, ಸ್ವಿಫ್ಟ್‌ನ ಕೆಳಗಿನ ಮಾದರಿಗಳಿಗೆ ಬರುವ 165/80 ಆರ್14 ಟೈರಿನ ವ್ಯಾಸ ಸುಮಾರು 620 ಮಿ.ಮೀ., ನಿಮ್ಮದಕ್ಕೆ ಹೆಚ್ಚುಕಡಿಮೆ ಸಮ. ಡಿಕ್ಕಿಯಲ್ಲಿರುವ ಸ್ಟೆಪ್ನಿ 14 ಇಂಚಿನದಾಗಿದ್ದರೆ ಗಾಬರಿ ಬೇಡ. ತುರ್ತಿಗೆ ಹಾಕಿಕೊಂಡು ನಿಧಾನವಾಗಿ ಪಂಕ್ಚರ್ ಅಂಗಡಿ ತಲುಪಲು ಅದು ಸಾಕು.

ಕಂಪನಿಯ ಹೆಸರಿಗಿಂತ ನಮ್ಮ ಕಡೆ ನೋಡಬೇಕಾದದ್ದು ಒದ್ದೆ ರಸ್ತೆಯ ಹಿಡಿತ. ಹೊಸ ಕಾರಿಗೆ ಹಾಕಿಕೊಡುವ ಟೈರನ್ನು ಕಾರು ಕಂಪನಿಗಳು ಮುಖ್ಯವಾಗಿ ಮೈಲೇಜ್ ನೋಡಿ ಆರಿಸುತ್ತವೆ. ಬದಲಿಸುವಾಗ ಅದೇ ಹೆಸರಿನದ್ದೇ ಬೇಕೆಂದೇನಿಲ್ಲ. ಕೆಲವು ಟೈರ್‌ಗಳ ಸೈಡ್‌ವಾಲ್ ಮೇಲೆ ಟ್ರೆಡ್‌ವೇರ್ ಎಂದು ಒಂದು ಸಂಖ್ಯೆ, ಟ್ರ್ಯಾಕ್ಷನ್ ಎಂದು ಎಎ, ಎ, ಬಿ ಅಥವಾ ಸಿ ಅಕ್ಷರ ಇರುತ್ತದೆ. ಟ್ರ್ಯಾಕ್ಷನ್ ಎಂದರೆ ನೇರ ರಸ್ತೆಯಲ್ಲಿ ಒದ್ದೆ ನೆಲದ ಮೇಲೆ ಬ್ರೇಕ್ ಹಿಡಿಯುವ ಶಕ್ತಿ, ಎ ಅಥವಾ ಎಎ ಇರಲಿ. ಟ್ರೆಡ್‌ವೇರ್ ಸಂಖ್ಯೆ ದೊಡ್ಡದಾದಷ್ಟೂ ಬಾಳಿಕೆ ಹೆಚ್ಚು. ಆದರೆ ಬರೀ ಬಾಳಿಕೆಗೆಂದು ಮಾಡಿದ ಟೈರಿನ ರಬ್ಬರ್ ಸಾಮಾನ್ಯವಾಗಿ ಗಡಸು, ಮಳೆಯಲ್ಲಿ ಅದರ ಹಿಡಿತ ಕಡಿಮೆ. ಎಪ್ಪತ್ತು ಸಾವಿರ ಓಡುತ್ತದೆ ಎಂಬ ಮಾತಿಗಿಂತ ಐವತ್ತು ಓಡಿದರೂ ಜುಲೈ-ಆಗಸ್ಟ್‌ನ ಕಕ್ಕಡದ ಮಳೆಯಲ್ಲಿ ನಿಲ್ಲುವ ಟೈರ್ ಮಡಿಕೇರಿಯವರಿಗೆ ಮೇಲು. ನಿಮ್ಮ ಓಡಾಟಕ್ಕಂತೂ ಐವತ್ತು ಸಾವಿರವೆಂದರೆ ಆರೇಳು ವರ್ಷ, ಬಟನ್ ಮುಗಿಯುವ ಮೊದಲು ರಬ್ಬರ್ ಮುದಿಯಾಗುತ್ತದೆ. ಕೇಂದ್ರ ಸರ್ಕಾರದ ಇಂಧನ ದಕ್ಷತೆ ಸಂಸ್ಥೆ ಬಿಇಇಯ ನಕ್ಷತ್ರದ ಚೀಟಿ ಕಂಡರೆ ಅದು ಇಂಧನ ಉಳಿತಾಯದ್ದು ಎಂದು ನೆನಪಿರಲಿ, ಮಳೆಯ ಹಿಡಿತಕ್ಕೆ ಆ ನಕ್ಷತ್ರ ಸಾಕ್ಷಿಯಲ್ಲ.

ತೋಟದ ದಾರಿಗೆಂದು ಸಣ್ಣ ಕಾರಿಗೆ ದಪ್ಪ ಬಟನ್ನಿನ ಆಲ್ ಟೆರೇನ್ ಟೈರ್ ಹುಡುಕುವುದು ಬೇಡ. ಕೆಸರಿನಲ್ಲಿ ಅದು ಕಚ್ಚುತ್ತದೆ, ನಿಜ. ಆದರೆ ಒದ್ದೆ ಡಾಂಬರಿನಲ್ಲಿ ರಸ್ತೆಗೆ ತಾಗುವ ರಬ್ಬರ್ ಕಡಿಮೆಯಾಗಿ ಬ್ರೇಕ್ ದೂರ ಹೆಚ್ಚುತ್ತದೆ. ನೀವು ಓಡಿಸುವ ನೂರು ಕಿಲೋಮೀಟರಿನಲ್ಲಿ ಕೆಸರಿರುವುದು ಎಷ್ಟು? ತೋಟಕ್ಕೇ ಮೀಸಲಾದ ಜೀಪಿಗೆ ಅದು ಸರಿ. ಫೋರ್‌ವೀಲ್ ಹಾಕಿ ಓಡಿಸುವ ಜೀಪಾದರೆ ನಾಲ್ಕೂ ಟೈರ್ ಒಂದೇ ಅಳತೆ, ಒಂದೇ ಮಾದರಿ, ಸವೆತವೂ ಹತ್ತಿರ ಹತ್ತಿರ ಇರಬೇಕು. ಇಲ್ಲದಿದ್ದರೆ ಚಕ್ರಗಳ ಸುತ್ತು ಹೊಂದದೆ ಆ ಒತ್ತಡವೆಲ್ಲ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆ. ಇನ್ನು ರಸ್ತೆಯಲ್ಲಿ ಪಾಚಿ ಕಟ್ಟಿದ್ದರೆ, ಬರೆ ಜರಿದು ಮಣ್ಣು ಹರಡಿದ್ದರೆ ಯಾವ ಟೈರೂ ಕಾಯುವುದಿಲ್ಲ, ವೇಗ ಇಳಿಸುವುದೊಂದೇ ದಾರಿ.

ಅಂಗಡಿಯಲ್ಲಿ ಟೈರ್ ಹೊರಗೆ ತಂದಾಗ ಮೊದಲು ತಯಾರಾದ ದಿನಾಂಕ ನೋಡಿ. ಸೈಡ್‌ವಾಲ್‌ನ ಒಂದೇ ಬದಿಯಲ್ಲಿ, ಉದ್ದದ ಕೋಡಿನ ಕೊನೆಗೆ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2325 ಎಂದರೆ 2025ರ 23ನೇ ವಾರ, ಅಂದರೆ ಜೂನ್. ಆರು ತಿಂಗಳೊಳಗಿನದ್ದು ಕೇಳಿ, ವರ್ಷ ದಾಟಿದ್ದನ್ನು ಪೂರ್ತಿ ಬೆಲೆಗೆ ತಗೊಳ್ಳಬೇಡಿ. ನಾಲ್ಕೂ ಟೈರಿನದ್ದನ್ನು ನೋಡಿ. ಮೂರು ಹೊಸದು, ಒಂದು ಮೂಲೆಯಲ್ಲಿ ಉಳಿದದ್ದು ಆಗಿರುವುದುಂಟು. ನಿಮ್ಮ ಅಳತೆ ಚೆನ್ನಾಗಿ ಓಡುವಂಥದ್ದು, ಹೊಸ ಮಾಲು ಸಿಗುವುದು ಕಷ್ಟವಲ್ಲ. ಹತ್ತಿರ ಕಾರ್ಖಾನೆ ಇದೆ ಎಂದರೆ ಮಾಲು ತಾಜಾ ಎಂದೂ ಅಲ್ಲ. ಹಿಂದೆ ವಿಕ್ರಾಂತ್ ಎಂದು ನಾವೆಲ್ಲ ಕರೆಯುತ್ತಿದ್ದ, 1997ರಿಂದ ಜೆಕೆ ಟೈರ್ ಕೈಯಲ್ಲಿರುವ ಮೈಸೂರಿನ ಕಾರ್ಖಾನೆ ನಮ್ಮ ಪಕ್ಕದಲ್ಲೇ ಇದ್ದರೂ, ಅಂಗಡಿಯ ಅಟ್ಟದ ಮೇಲೆ ಆ ಟೈರ್ ಎಷ್ಟು ದಿನ ಮಲಗಿತ್ತು ಎಂಬುದನ್ನು ಹೇಳುವುದು ಈ ನಾಲ್ಕು ಅಂಕಿ ಮಾತ್ರ. ಐಎಸ್‌ಐ ಗುರುತೂ ಇರಬೇಕು. ಕಾರಿನ ಟೈರಿಗೆ ಐಎಸ್ 15633 ಎಂಬ ಮಾನಕ ಅನ್ವಯಿಸುತ್ತದೆ. ಕಾರಿಗೆ ರೀಬಟನ್ ಟೈರ್ (ಸವೆದದ್ದಕ್ಕೆ ಹೊಸ ಬಟನ್ ಅಂಟಿಸಿದ್ದು) ಬೇಡವೇ ಬೇಡ.

ಹಳೆಯ ಟೈರನ್ನು ಬಿಚ್ಚಿದ ಕೂಡಲೇ ಮೂಲೆಗೆ ಉರುಳಿಸಲು ಬಿಡಬೇಡಿ, ಎರಡು ನಿಮಿಷ ನಿಂತು ಅದನ್ನು ಓದಿ. ಎರಡು ಅಂಚೂ ಸವೆದು ಮಧ್ಯ ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ಮಧ್ಯ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಒಳಅಂಚು ಮಾತ್ರ ಬೋಳಾಗಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಇಲ್ಲವೇ ಚಕ್ರ ಹಿಡಿದಿರುವ ಲೋವರ್ ಆರ್ಮ್‌ನ ರಬ್ಬರ್ ಬುಷ್ ಸವೆದಿದೆ. ಈಗ ಅಂಗೈಯನ್ನು ಬಟನ್ ಮೇಲೆ ಅಡ್ಡಲಾಗಿ, ಒಳಗಿನಿಂದ ಹೊರಗೆ, ಆಮೇಲೆ ಹೊರಗಿನಿಂದ ಒಳಗೆ ಸವರಿ. ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಗರಗಸದ ಹಲ್ಲಿನಂತೆ ತಾಗಿದರೆ ಟೋ ಅಳತೆ, ಅಂದರೆ ಚಕ್ರಗಳ ಮುಂಬದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ಕೆಟ್ಟಿದೆ. ಸುತ್ತಲೂ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಕೆಲಸ ಮಾಡುತ್ತಿಲ್ಲ ಅಥವಾ ಬ್ಯಾಲೆನ್ಸಿಂಗ್ ಸರಿಯಿರಲಿಲ್ಲ. ಈ ಕಾಯಿಲೆ ವಾಸಿ ಮಾಡದೆ ಹೊಸ ಟೈರ್ ಹಾಕಿದರೆ ಹೊಸದೂ ಹತ್ತು ಸಾವಿರ ಕಿಲೋಮೀಟರಿನಲ್ಲಿ ಅದೇ ಆಕಾರಕ್ಕೆ ಸವೆಯುತ್ತದೆ. ಬುಷ್, ಬಾಲ್ ಜಾಯಿಂಟ್‌ನಲ್ಲಿ ಆಟ ಇದ್ದರೆ ಮೊದಲು ಅದನ್ನು ಬದಲಿಸಿ, ಆಮೇಲೆ ಅಲೈನ್‌ಮೆಂಟ್. ತಿರುಗುಮುರುಗು ಮಾಡಿದರೆ ಅಲೈನ್‌ಮೆಂಟ್ ದುಡ್ಡು ವ್ಯರ್ಥ.

ಫಿಟ್ಟಿಂಗ್ ವೇಳೆ ಚಹಾ ಕುಡಿಯಲು ಹೋಗದೆ ಹತ್ತಿರ ನಿಲ್ಲಿ. ರಬ್ಬರ್ ವಾಲ್ವ್ ನಾಲ್ಕೂ ಹೊಸದಾಗಬೇಕು. ಹಳೆಯ ವಾಲ್ವಿನ ಬುಡ ಬಿರಿದು ಗಾಳಿ ನಿಧಾನವಾಗಿ ಸೋರುತ್ತಿದ್ದರೆ ಟೈರೇ ಸರಿಯಿಲ್ಲ ಎಂದು ಜನ ತಿಳಿಯುತ್ತಾರೆ. ಡಿಸ್ಕಿನ ಅಂಚಿನ ತುಕ್ಕು, ಒಣಗಿದ ಕೆಸರು ಉಜ್ಜಿ ತೆಗೆಯಬೇಕು. ಡಿಸ್ಕಿಗೆ ಕೂರುವ ಟೈರಿನ ಅಂಚಿಗೆ, ಅಂದರೆ ಬೀಡ್‌ಗೆ, ಟೈರ್ ಪೇಸ್ಟ್ ಹಚ್ಚಬೇಕು, ಗ್ರೀಸ್ ಅಥವಾ ಡೀಸೆಲ್ ಅಲ್ಲ, ಅವು ರಬ್ಬರ್ ತಿನ್ನುತ್ತವೆ. ಟೈರ್ ಮೇಲೆ ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರವಾದ ಭಾಗ, ಅದನ್ನು ವಾಲ್ವಿನ ನೇರಕ್ಕೆ ಕೂರಿಸಬೇಕು. ವಾಲ್ವ್ ಇರುವ ಕಡೆ ಡಿಸ್ಕ್ ತುಸು ಭಾರ ಇರುವುದರಿಂದ ಎರಡೂ ಸರಿದೂಗುತ್ತವೆ. ರೊಟೇಶನ್ ಎಂದು ಬಾಣ ಇದ್ದರೆ ಕಾರು ಮುಂದೆ ಹೋಗುವಾಗ ಚಕ್ರ ಆ ದಿಕ್ಕಿಗೆ ಸುತ್ತಬೇಕು. ಔಟ್‌ಸೈಡ್ ಎಂದು ಬರೆದಿದ್ದರೆ ಆ ಬದಿ ಹೊರಗೆ ಕಾಣಬೇಕು. ಈ ಎರಡು ತಪ್ಪೂ ಆಗಾಗ ಆಗುತ್ತವೆ, ಕಣ್ಣಿಗೆ ಬೀಳುವುದು ಮನೆಗೆ ಬಂದ ಮೇಲೆ.

ಬ್ಯಾಲೆನ್ಸಿಂಗ್ ಯಂತ್ರಕ್ಕೆ ಏರಿಸುವ ಮೊದಲು ಹಳೆಯ ತೂಕಗಳನ್ನೆಲ್ಲ ಕಿತ್ತಿರಬೇಕು. ಚಕ್ರ ಸುತ್ತುವಾಗ ಡಿಸ್ಕಿನ ಅಂಚನ್ನೇ ದಿಟ್ಟಿಸಿ. ಗುಂಡಿಗೆ ಬಿದ್ದು ಬಾಗಿದ ಡಿಸ್ಕ್ ಅಲ್ಲೇ ಅಲುಗುವುದು ಕಾಣುತ್ತದೆ. ತೂಕ ಅಂಟಿಸಿ ಮತ್ತೆ ಸುತ್ತಿಸಿದಾಗ ಎರಡೂ ಬದಿಗೆ ಸೊನ್ನೆ ತೋರಿಸಬೇಕು. ಒಂದೇ ಬದಿಗೆ 60 ಗ್ರಾಂ ದಾಟಿ ತೂಕ ಕೇಳಿದರೆ, ಗಾಳಿ ಬಿಟ್ಟು ಟೈರನ್ನು ಡಿಸ್ಕಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಲು ಹೇಳಿ. ಬಹಳ ಸಲ ಅಷ್ಟಕ್ಕೇ ಅರ್ಧಕ್ಕೆ ಇಳಿಯುತ್ತದೆ. ತೋಟಕ್ಕೆ ಹೋಗುವವರು ಇನ್ನೊಂದು ತಿಳಿದಿರಬೇಕು. ಕೆಮ್ಮಣ್ಣು ಡಿಸ್ಕಿನ ಒಳಬದಿಗೆ ಮೆತ್ತಿಕೊಂಡು ಒಣಗಿದರೆ ಅದೇ ತೂಕವಾಗಿ, ಮರುದಿನ ಸುಂಟಿಕೊಪ್ಪ ದಾಟಿ ನೇರ ರಸ್ತೆಯಲ್ಲಿ ವೇಗ ಹೆಚ್ಚಿದಾಗ ಸ್ಟೀರಿಂಗ್ ನಡುಗುತ್ತದೆ. ಬ್ಯಾಲೆನ್ಸಿಂಗ್‌ಗೆ ಓಡುವ ಮೊದಲು ಒಳಬದಿಗೆ ನೀರು ಹೊಡೆಸಿ.

ಅಲೈನ್‌ಮೆಂಟ್ ಆದ ಮೇಲೆ ಮೊದಲು ಮತ್ತು ನಂತರದ ಅಳತೆಗಳ ಚೀಟಿ ಕೇಳಿ. ನಿಮ್ಮಂಥ ಕಾರಿನಲ್ಲಿ ಸಾಮಾನ್ಯವಾಗಿ ಸರಿಪಡಿಸಲು ಬರುವುದು ಮುಂದಿನ ಟೋ ಮಾತ್ರ. ಹಿಂದಿನ ಅಳತೆ ಕೆಂಪು ತೋರಿಸಿದರೆ ಆಕ್ಸಲ್‌ಗೆ ಏಟು ಬಿದ್ದಿರಬಹುದು, ಅದನ್ನು ಬೇರೆಯಾಗಿ ನೋಡಿಸಬೇಕು. ನಟ್‌ಗಳನ್ನು ಏರ್ ಗನ್‌ನಲ್ಲಿ ಕೊನೆಯವರೆಗೂ ಬಿಗಿಯಲು ಬಿಡಬೇಡಿ. ಗನ್ ಮುಕ್ಕಾಲು ಬಿಗಿಗೆ ಸಾಕು, ಉಳಿದದ್ದು ಎದುರುಬದುರಾಗಿ, ಟಾರ್ಕ್ ಸ್ಪ್ಯಾನರ್‌ನಲ್ಲಿ. ಸಣ್ಣ ಕಾರುಗಳಿಗೆ ಇದು 85ರಿಂದ 110 ನ್ಯೂಟನ್ ಮೀಟರ್ ನಡುವೆ ಇರುತ್ತದೆ, ನಿಮ್ಮ ಕಾರಿನ ಪುಸ್ತಕದ ಅಂಕಿಯೇ ಅಂತಿಮ. ಗನ್‌ನಲ್ಲಿ ಅತಿಯಾಗಿ ಬಿಗಿದ ನಟ್, ಮಳೆಯಲ್ಲಿ ಮಾಕುಟ್ಟದ ಕಾಡಿನ ನಡುವೆ ಪಂಕ್ಚರ್ ಆದಾಗ ಕಾರಿನ ಜೊತೆ ಬಂದ ಸ್ಪ್ಯಾನರ್‌ಗೆ ಜಗ್ಗುವುದಿಲ್ಲ. ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಬಿಗಿ ಪರೀಕ್ಷಿಸಿ.

ಗಾಳಿ ಎಷ್ಟು ಎಂಬುದು ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿದೆ, ಸೈಡ್‌ವಾಲ್‌ ಮೇಲಿರುವುದು ಆ ಟೈರ್ ತಾಳುವ ಗರಿಷ್ಠ ಮಾತ್ರ. ತಣ್ಣಗಿರುವಾಗ ನೋಡಿ, ಅಂದರೆ ಮೂರು ಗಂಟೆ ನಿಂತ ಮೇಲೆ ಅಥವಾ ಒಂದೆರಡು ಕಿಲೋಮೀಟರಿನೊಳಗೆ. ಮಡಿಕೇರಿಯಲ್ಲಿ ಸರಿ ಮಾಡಿಸಿ ಸುಳ್ಯಕ್ಕೆ ಇಳಿದರೆ ಏನಾಗುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಇಳಿತ ಸುಮಾರು ಸಾವಿರ ಮೀಟರ್. ಹೊರಗಿನ ವಾಯುಭಾರ ಹೆಚ್ಚುವುದರಿಂದ ಗೇಜ್ ಒಂದೂವರೆ ಪಿಎಸ್‌ಐಯಷ್ಟು ಕಡಿಮೆ ತೋರಿಸಬೇಕು. ಆದರೆ ಕೆಳಗೆ ಸೆಕೆ. ಐದಾರು ಡಿಗ್ರಿಗೆ ಒಂದು ಪಿಎಸ್‌ಐಯಂತೆ ಒತ್ತಡ ಏರುತ್ತದೆ. ಎರಡೂ ಸೇರಿ ಹೆಚ್ಚುಕಡಿಮೆ ಸರಿಹೋಗುತ್ತದೆ, ಹಾಗಾಗಿ ದಿನದ ಓಡಾಟಕ್ಕೆ ಏನೂ ಮಾಡಬೇಕಿಲ್ಲ. ಘಾಟಿ ಇಳಿದು ಬಂದ ಬಿಸಿ ಟೈರಿನಲ್ಲಿ ಮೂರು ನಾಲ್ಕು ಪಿಎಸ್‌ಐ ಹೆಚ್ಚು ಕಂಡಿತೆಂದು ಬಂಕ್‌ನಲ್ಲಿ ಗಾಳಿ ಬಿಡಿಸಬೇಡಿ. ಮಳೆಗಾಲದಲ್ಲಿ ಹಿಡಿತಕ್ಕೆಂದು ಗಾಳಿ ಕಡಿಮೆ ಇಡುವ ಅಭ್ಯಾಸ ನಮ್ಮಲ್ಲಿದೆ, ಅದು ತಪ್ಪು. ಗಾಳಿ ಕಡಿಮೆಯಾದರೆ ಟೈರಿನ ಮಧ್ಯಭಾಗ ನೀರನ್ನು ಒತ್ತಿ ಹೊರಹಾಕಲಾರದೆ ಬೇಗ ತೇಲುತ್ತದೆ. ನೈಟ್ರೋಜನ್‌ಗೆ ಹೆಚ್ಚು ದುಡ್ಡು ಕೊಡಬೇಕಿಲ್ಲ, ಸಾಮಾನ್ಯ ಗಾಳಿಯಲ್ಲೇ ಶೇ. 78ರಷ್ಟು ಅದೇ ಇದೆ.

ವಾರಂಟಿ ಕಾಗದದ ವಿಷಯದಲ್ಲಿ ಕೊಂಡ ದಿನವೇ ಗಟ್ಟಿಯಾಗಿರಿ. ಬಿಲ್‌ನಲ್ಲಿ ಕಾರಿನ ಕೆಎ-12 ನಂಬರ್, ಕಿಲೋಮೀಟರ್, ನಾಲ್ಕೂ ಟೈರಿನ ಸೀರಿಯಲ್ ನಂಬರ್ ಬರೆಸಿ. ತಯಾರಿಕೆಯ ದೋಷಕ್ಕೆ ಕೊಡುವ ವಾರಂಟಿ ಸಾಮಾನ್ಯವಾಗಿ ಉಳಿದ ಬಟನ್ನಿನ ಲೆಕ್ಕದ್ದು. ಉದಾಹರಣೆಗೆ 8 ಮಿ.ಮೀ. ಬಟನ್ನಿನ 6,000 ರೂಪಾಯಿಯ ಟೈರ್ ಎಂದುಕೊಳ್ಳಿ. 1.6 ಕಳೆದರೆ ಬಳಕೆಗೆ ಸಿಗುವುದು 6.4. ದೋಷ ಕಂಡಾಗ 4.8 ಉಳಿದಿದ್ದರೆ ಬಳಕೆಗೆ ಉಳಿದದ್ದು 3.2, ಅಂದರೆ ಅರ್ಧ. ಹೊಸ ಟೈರಿಗೆ ನೀವು 3,000 ಸೇರಿಸಬೇಕು. ಗುಂಡಿಗೆ ಬಡಿದು ಸೈಡ್‌ವಾಲ್ ಊದಿಕೊಂಡರೆ ಒಳಗಿನ ನೂಲು ಹರಿದಿದೆ ಎಂದರ್ಥ, ಅದನ್ನು ಏಟು ಎಂದು ಪರಿಗಣಿಸಿ ಸಾಮಾನ್ಯ ವಾರಂಟಿ ನಿರಾಕರಿಸುತ್ತಾರೆ. ಕೆಲವು ಕಂಪನಿಗಳು ಕೆಲವು ಮಾದರಿಗಳಿಗೆ ಇಂಥ ಏಟಿಗೂ ವಾರಂಟಿ ಕೊಡುತ್ತವೆ, ಆದರೆ ನಿಗದಿತ ದಿನಗಳೊಳಗೆ ಮೊಬೈಲ್‌ನಲ್ಲಿ ನೋಂದಾಯಿಸಬೇಕಿರುತ್ತದೆ. ಅಂಗಡಿಯಿಂದ ಹೊರಡುವ ಮೊದಲೇ ಡೀಲರ್ ಕೈಯಲ್ಲಿ ಅದನ್ನು ಮಾಡಿಸಿ. ನಮ್ಮ ರಸ್ತೆಗಳಿಗೆ ಈ ವಾರಂಟಿಯೇ ಹೆಚ್ಚು ಉಪಯೋಗಕ್ಕೆ ಬರುವುದು. ಸೈಡ್‌ವಾಲ್‌ನಲ್ಲಿ ಉಬ್ಬಿನ ಬದಲು ಸಣ್ಣ ತಗ್ಗಿನ ಗೆರೆ ಕಂಡರೆ ಹೆದರಬೇಡಿ, ಅದು ಒಳಪದರದ ಜೋಡಣೆಯ ಗುರುತು. ಟೈರ್ ಮಾತ್ರ ಹಾಳಾಗಿ ಕಾರಿಗೆ ಏನೂ ಆಗದಿದ್ದರೆ ಸಾಮಾನ್ಯ ವಿಮೆಯಲ್ಲಿ ದುಡ್ಡು ಬರುವುದಿಲ್ಲ. ಅಪಘಾತದಲ್ಲಿ ಕಾರಿನ ಜೊತೆ ಟೈರ್ ಹಾಳಾದರೂ ಅರ್ಧ ಕಳೆದೇ ಕೊಡುತ್ತಾರೆ. ವಾರಂಟಿ ಬೇಡಿಕೆಗೆ ಡೀಲರ್ ಸ್ಪಂದಿಸದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಮೊದಲ 200-300 ಕಿ.ಮೀ. ಸಾವಧಾನವಾಗಿ ಓಡಿಸಿ. ಅಚ್ಚಿನಿಂದ ಬಿಡಿಸಲು ಸವರಿದ ಜಾರು ಪದಾರ್ಥ ಮೇಲ್ಪದರದಲ್ಲಿ ಉಳಿದಿರುತ್ತದೆ. ಟೈರ್ ಹಾಕಿಸಿದ ಸಂಜೆಯೇ ಮಳೆಯಲ್ಲಿ ಘಾಟಿ ಇಳಿಯುವುದು ಬೇಡ. ಹಾಗಾಗಿಯೇ ಈ ಕೆಲಸಕ್ಕೆ ಮೇ ತಿಂಗಳು ಸರಿಯಾದ ಸಮಯ. ಕಾರು ಒಂದು ಕಡೆ ಎಳೆಯುತ್ತಿದ್ದರೆ, ಬಾಣದ ಗುರುತಿಲ್ಲದ ಟೈರಾದರೆ, ಮುಂದಿನ ಎರಡು ಚಕ್ರ ಅದಲುಬದಲು ಮಾಡಿ ಓಡಿಸಿ ನೋಡಿ. ಎಳೆತ ಇನ್ನೊಂದು ಕಡೆಗೆ ತಿರುಗಿದರೆ ದೋಷ ಟೈರಿನದ್ದು, ಡೀಲರ್ ಬದಲಿಸಿಕೊಡಬೇಕು. ಅದೇ ಕಡೆ ಎಳೆದರೆ ಅಲೈನ್‌ಮೆಂಟ್ ಅಥವಾ ಬ್ರೇಕಿನ ಸಮಸ್ಯೆ. ಆಮೇಲೆ ಎಂಟರಿಂದ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನವನ್ನು ನೇರ ಹಿಂದಕ್ಕೆ, ಹಿಂದಿನವನ್ನು ಅಡ್ಡ ದಾಟಿಸಿ ಮುಂದಕ್ಕೆ ಹಾಕಿಸುತ್ತಿರಿ.

ಹಳೆಯ ನಾಲ್ಕನ್ನು ಅಂಗಡಿಗೇ ಕೊಟ್ಟು ಬಿಲ್‌ನಲ್ಲಿ ಅಷ್ಟು ಕಡಿಮೆ ಮಾಡಿಸಿಕೊಳ್ಳಿ. ಮನೆಯ ಹಿಂದೆ ಇಟ್ಟರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗೆ ನೀರು ನಿಂತು ಡೆಂಗಿ ಸೊಳ್ಳೆ ಮರಿ ಮಾಡುತ್ತದೆ. ಗಿಡ ನೆಡುವುದಕ್ಕೋ ಗೇಟಿನ ಬಳಿ ಹೂಳುವುದಕ್ಕೋ ಬೇಕೇ ಬೇಕೆಂದರೆ ನೀರು ಬಸಿಯುವಂತೆ ಅಡಿಗೆ ನಾಲ್ಕು ತೂತು ಕೊರೆಸಿ ಇಡಿ.